ಮೂರು ಇಂಚು, ಆರು ಇಂಚು: ಎರಡು .32 ರಿವಾಲ್ವರುಗಳ ಬಳಕೆಯ ಅನುಭವ

ನನ್ನ ಲೈಸೆನ್ಸಿನಲ್ಲಿ ಎರಡು ರಿವಾಲ್ವರುಗಳಿವೆ. ಎರಡಕ್ಕೂ .32 ಸ್ಮಿತ್ ಅಂಡ್ ವೆಸನ್ ಲಾಂಗ್ ತೋಟೆಯೇ (.32 ಎಂದರೆ ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ), ಎರಡೂ ಆರು ಗುಂಡಿನವು. ಮೂರು ಇಂಚು ನಳಿಗೆಯದು ಕಾನ್ಪುರದಲ್ಲಿ ತಯಾರಾದದ್ದು, ನಾನೇ ಕೊಂಡದ್ದು. ಆರು ಇಂಚಿನದು ತಂದೆಯವರ ಕಾಲದ ಸ್ಮಿತ್ ಅಂಡ್ ವೆಸನ್ ಹ್ಯಾಂಡ್ ಇಜೆಕ್ಟರ್; ವಾರಸುದಾರನಾಗಿ ನನ್ನ ಹೆಸರಿಗೆ ಬಂದಿದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ ಎಂಬ ಮಿತಿ ಇರುವುದರಿಂದ ನನ್ನ ಪಾಲು ಮುಗಿಯಿತು. ಮೈಸೂರಿನಲ್ಲಿ ಮನೆ, ಪಾಂಡವಪುರದ ಕಡೆ ಕಬ್ಬಿನ ಗದ್ದೆ. ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಗದ್ದೆಯ ಪಕ್ಕದವರು ಉದ್ದದ ರಿವಾಲ್ವರನ್ನು ಕಂಡಾಗಲೆಲ್ಲ ಕೇಳುವುದು ಒಂದೇ: "ಅಣ್ಣಾ, ಇಷ್ಟುದ್ದ ಇದೆಯಲ್ಲ, ಹಂದಿ ಬೀಳುವುದಿಲ್ಲವೇ?" ಬೀಳುವುದಿಲ್ಲ. ಮೊದಲಿಗೆ ಕಾನೂನೇ ಬಿಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರ ತಿದ್ದುಪಡಿ ಬಂದ ಮೇಲೆ ಶಿಕಾರಿಯ ಮಾತು ಮುಗಿದಿದೆ; ಬೆಳೆ ತಿನ್ನುವ ಹಂದಿಯಾದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಕಾನೂನನ್ನು ಪಕ್ಕಕ್ಕಿಟ್ಟರೂ ಈ ತೋಟೆಗೆ ಆ ಕಸುವಿಲ್ಲ. 98 ಗ್ರೇನ್ ತೂಕದ, ಅಂದರೆ ಆರು ಗ್ರಾಂ ಚಿಲ್ಲರೆಯ ಸೀಸದ ಗುಂಡು ಸೆಕೆಂಡಿಗೆ ಸುಮಾರು 215 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದರ ಶಕ್ತಿ 150 ಜೂಲ್ ಆಸುಪಾಸು. ಅಮೆರಿಕದ ಬೇಟೆಗಾರರು ಜಿಂಕೆಗೆ ಬಳಸುವ .44 ಮ್ಯಾಗ್ನಮ್ ರಿವಾಲ್ವರಿನ 240 ಗ್ರೇನ್ ಗುಂಡಿಗೆ ಇದರ ಸುಮಾರು ಎಂಟು ಪಟ್ಟು ಶಕ್ತಿ ಇರುತ್ತದೆ. ನಳಿಗೆಯನ್ನು ಗಜದುದ್ದ ಮಾಡಿದರೂ .32 ಅಲ್ಲಿಗೆ ತಲುಪುವುದಿಲ್ಲ. ಗಾಯಗೊಂಡು ಕಬ್ಬಿನೊಳಗೆ ನುಗ್ಗಿದ ಹಂದಿಯ ಎದುರು ನಿಲ್ಲುವ ಆಸೆ ಯಾರಿಗಿದೆಯೋ ನನಗೆ ಗೊತ್ತಿಲ್ಲ.

ಹಾಗಾದರೆ ಉದ್ದದಿಂದ ಲಾಭ ಎಲ್ಲಿ? ಮ್ಯಾಗ್ನಮ್ ತೋಟೆಗಳಲ್ಲಿ ಅದು ವೇಗಕ್ಕೆ ಸಿಗುತ್ತದೆ. ಅವುಗಳಲ್ಲಿ ತುಂಬುವುದು ನಿಧಾನವಾಗಿ ಉರಿಯುವ ಮದ್ದು, ಅದೂ ಬಹಳ. ಗುಂಡು ನಳಿಗೆಯೊಳಗೆ ಇರುವಷ್ಟು ಹೊತ್ತೂ ಅನಿಲದ ಒತ್ತಡ ಹಿಂದಿನಿಂದ ನೂಕುತ್ತಲೇ ಇರುತ್ತದೆ. ಉದ್ದ ಒಂದೊಂದು ಇಂಚು ಹೆಚ್ಚಿದಂತೆ ಸೆಕೆಂಡಿಗೆ ಎಂಟರಿಂದ ಹದಿನೈದು ಮೀಟರಿನಷ್ಟು ವೇಗ ಏರುತ್ತದೆ ಎಂಬುದು ಅಲ್ಲಿಯ ವಾಡಿಕೆಯ ಲೆಕ್ಕ. ಹಾಗಾಗಿಯೇ ಅಮೆರಿಕದಲ್ಲಿ ಬೇಟೆಯ ರಿವಾಲ್ವರ್ ಎಂದರೆ ಆರರಿಂದ ಎಂಟು ಇಂಚು. ಜಿಂಕೆ ಬೇಟೆಯ ಕೈಬಂದೂಕಿಗೆ ಒಹಾಯೋ ರಾಜ್ಯ ಕನಿಷ್ಠ ಐದು ಇಂಚು ನಳಿಗೆ ಇರಬೇಕೆನ್ನುತ್ತದೆ, ಇಂಡಿಯಾನಾ ನಾಲ್ಕು ಸಾಕೆನ್ನುತ್ತದೆ. .32ರಲ್ಲಿರುವ ಮದ್ದು ಕಡಿಮೆ, ಬೇಗ ಉರಿದುಹೋಗುವಂಥದು. ಮೂರು ಇಂಚಿನ ಮೇಲೆ ಮತ್ತೆ ಮೂರು ಇಂಚು ಕೊಟ್ಟರೂ ವೇಗದಲ್ಲಿ ಬರುವ ಗಳಿಕೆ ಅಲ್ಪ.

ಅದರಲ್ಲೂ ರಿವಾಲ್ವರಿನಲ್ಲಿ ಒಂದು ಸೋರಿಕೆ ಇದ್ದೇ ಇರುತ್ತದೆ. ತೋಟೆಗಳನ್ನು ಹೊತ್ತು ತಿರುಗುವ ಸಿಲಿಂಡರಿನ ಮುಖಕ್ಕೂ ನಳಿಗೆಯ ಹಿಂಬದಿಗೂ ನಡುವೆ 0.1ರಿಂದ 0.2 ಮಿಲಿಮೀಟರಿನ ಸಂದು ಬಿಡಲೇಬೇಕು, ಇಲ್ಲದಿದ್ದರೆ ಸಿಲಿಂಡರ್ ತಿರುಗದು. ಒಂದಿಷ್ಟು ಅನಿಲ ಅಲ್ಲಿಂದಲೇ ಪಕ್ಕಕ್ಕೆ ಹಾರುತ್ತದೆ. (ರಷ್ಯಾದ 1895ರ ನಾಗಾನ್ ರಿವಾಲ್ವರಿನಲ್ಲಿ ಮಾತ್ರ ಸಿಲಿಂಡರ್ ಮುಂದೆ ಸರಿದು ಈ ಸಂದನ್ನು ಮುಚ್ಚುತ್ತದೆ, ಜಾಣ ಕೆಲಸ, ಆದರೆ ಟ್ರಿಗರ್ ಎಳೆಯಲು ಬೆರಳಿಗೆ ಬಲ ಬೇಕು.) ಒಂದೇ ಉದ್ದದ ಎರಡು ರಿವಾಲ್ವರುಗಳು ಬೇರೆ ಬೇರೆ ವೇಗ ತೋರಿಸುವುದಕ್ಕೆ ಈ ಸಂದೂ ಒಂದು ಕಾರಣ. ಇನ್ನೊಂದು ವಿಷಯ: ಪಿಸ್ತೂಲಿನ ನಳಿಗೆಯನ್ನು ಅಳೆಯುವಾಗ ತೋಟೆ ಕೂರುವ ಭಾಗವೂ ಸೇರುತ್ತದೆ, ರಿವಾಲ್ವರಿನಲ್ಲಿ ಸೇರುವುದಿಲ್ಲ. ಕಾಗದದ ಮೇಲೆ ಎರಡಕ್ಕೂ ಮೂರು ಇಂಚು ಎಂದೇ ಬರೆದಿದ್ದರೂ ಅವು ಒಂದೇ ಅಲ್ಲ.

ಉದ್ದ ನಳಿಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಕಣ್ಣಿಗೆ. ನನ್ನ ಗಿಡ್ಡ ರಿವಾಲ್ವರಿನಲ್ಲಿ ಗುರಿ ಹಿಡಿಯುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಹನ್ನೊಂದು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, ಉದ್ದದ್ದರಲ್ಲಿ ಹತ್ತೊಂಬತ್ತು. ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಅತ್ತಿತ್ತ ಸರಿದರೆ, ಹದಿನೈದು ಮೀಟರ್ ದೂರದಲ್ಲಿ ಗಿಡ್ಡದ ಗುಂಡು ಹದಿಮೂರು ಸೆಂಟಿಮೀಟರಿಗೂ ಹೆಚ್ಚು ತಪ್ಪುತ್ತದೆ, ಉದ್ದದ್ದು ಎಂಟರೊಳಗೆ ನಿಲ್ಲುತ್ತದೆ. ರೇಂಜಿನಲ್ಲಿ ಕಾಗದದ ಮೇಲೆ ಇದು ಹಾಗೆಯೇ ಕಾಣುತ್ತದೆ. ಹತ್ತು ಮೀಟರಿನಲ್ಲಿ ಎರಡರ ತೂತುಗಳಲ್ಲೂ ಅಂಥ ವ್ಯತ್ಯಾಸವಿಲ್ಲ. 25ಕ್ಕೆ ಹೋದಾಗ ಗಿಡ್ಡದ್ದು ಕಾಗದದ ತುಂಬ ಚೆಲ್ಲಾಡುತ್ತದೆ, ಉದ್ದದ್ದು ನಡುವೆ ಗುಂಪುಗೂಡುತ್ತದೆ. ಹಾಗೆಂದು ಗಿಡ್ಡ ನಳಿಗೆಯೇ ಸೊಟ್ಟ ಹೊಡೆಯುತ್ತದೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮರಳಿನ ಚೀಲದ ಮೇಲೆ ಕೈಯೂರಿ ನಿಧಾನವಾಗಿ ಹೊಡೆದರೆ ಅದೂ ಚೆನ್ನಾಗಿಯೇ ಹೊಡೆಯುತ್ತದೆ. ನಡುಗುವುದು ಕೈ, ಉದ್ದ ನಳಿಗೆ ಅದನ್ನು ಕ್ಷಮಿಸುತ್ತದೆ. ಮುಂಭಾರ ಇರುವುದರಿಂದ ಗುಂಡು ಹಾರಿದಾಗ ಮೂತಿಯೂ ಅಷ್ಟು ಮೇಲೇಳುವುದಿಲ್ಲ. ಸಂಜೆಯ ಮಬ್ಬಿನಲ್ಲಿ ಬೆಂಕಿಯ ಮಿಂಚು ಕಡಿಮೆ, ಕಿವಿಗೆ ಬಡಿಯುವ ಸದ್ದೂ ಕಡಿಮೆ. ಕಿವಿಮುಚ್ಚಿಗೆ ಮಾತ್ರ ಎರಡಕ್ಕೂ ಬೇಕು.

ಇಷ್ಟಾದರೂ ಗದ್ದೆಗೆ ಹೋಗುವಾಗ ನನ್ನ ಸೊಂಟದಲ್ಲಿ ಇರುವುದು ಗಿಡ್ಡದ್ದೇ. ಆರು ಇಂಚಿನದನ್ನು ಕಟ್ಟಿಕೊಂಡು ಬೈಕ್ ಮೇಲೆ ಕೂತು ನೋಡಿ, ತೊಡೆಗೆ ಒತ್ತುವುದು ತಿಳಿಯುತ್ತದೆ. ಅಂಗಿಯ ಕೆಳಗೆ ಅದು ಅಡಗುವುದೂ ಇಲ್ಲ, ಅಂಗಡಿ ಮುಂದೆ ನಿಂತವರೆಲ್ಲ ಸೊಂಟವನ್ನೇ ನೋಡುತ್ತಾರೆ. 2022ರ ಕೊನೆಯಲ್ಲಿ ಟಿ. ನರಸೀಪುರದ ಕಡೆ ಚಿರತೆಗಳು ಜನರನ್ನು ಕೊಂದ ಮೇಲೆ ನಮ್ಮ ಕಡೆಯೂ ಕಬ್ಬಿನ ಬದಿಯಲ್ಲಿ ಒಂಟಿಯಾಗಿ ನಡೆಯಲು ಅಂಜುತ್ತಿದ್ದರು. ಆಗಲೂ ನಾನು ನಂಬಿದ್ದು ಟಾರ್ಚನ್ನು, ಜೊತೆಗಾರರನ್ನು, ರಿವಾಲ್ವರನ್ನಲ್ಲ.

ನಿರ್ವಹಣೆಯಲ್ಲಿ ಉದ್ದದ್ದು ತುಸು ಹೆಚ್ಚು ಕೆಲಸ ಕೊಡುತ್ತದೆ. ಬರಿಯ ಸೀಸದ ಗುಂಡು ನಳಿಗೆಯ ಗೆರೆಗಳಲ್ಲಿ ಸವರಿಕೊಂಡು ಹೋಗುತ್ತದೆ. ರೇಂಜಿನಿಂದ ಬಂದ ದಿನವೇ ಹಿತ್ತಾಳೆ ಬ್ರಷ್ ಹಾಕದಿದ್ದರೆ ಆಮೇಲೆ ಉಜ್ಜಿ ಉಜ್ಜಿ ಸಾಕಾಗುತ್ತದೆ. ಮಳೆಗಾಲದಲ್ಲಿ ಚರ್ಮದ ಒರೆಯಲ್ಲಿ ಬಿಟ್ಟರೆ ಎರಡೂ ತುಕ್ಕು ಹಿಡಿಯುತ್ತವೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ಮುನ್ನ ದಪ್ಪಗೆ ಎಣ್ಣೆ ಸವರಿ ಕೊಡಿ, ಅಲ್ಲಿ ಯಾರೂ ಒರೆಸುವುದಿಲ್ಲ.

ರೇಂಜಿಗೆ, ಗುರಿ ಕಲಿಯಲು ಕೊಳ್ಳುವುದಾದರೆ ಉದ್ದದ್ದನ್ನು ಹುಡುಕಿ. ಮೈಮೇಲೆ ಇಟ್ಟುಕೊಳ್ಳಲು ಮೂರು ಇಂಚು ಸಾಕು. "ಉದ್ದ ಇದ್ದರೆ ಏಟು ಜೋರು" ಎಂದು ಅಂಗಡಿಯವರು ಹೇಳಿದರೆ .32ರ ಮಟ್ಟಿಗೆ ಅದಕ್ಕೆ ಹಣ ಕೊಡಬೇಡಿ. ಹಳೆಯದನ್ನು ಕೊಳ್ಳುವವರು ಇಂಚನ್ನು ಆಮೇಲೆ ನೋಡಿ. ಸಿಲಿಂಡರ್ ಖಾಲಿ ಮಾಡಿಸಿ, ತೋಟೆ ಕೂರುವ ಆರೂ ಮನೆಗಳ ಎದುರು ಸಿಲಿಂಡರಿಗೂ ನಳಿಗೆಗೂ ನಡುವಿನ ಆ ಸಂದನ್ನು ಅಳೆಯಿರಿ. ಅಳೆಯಲು ಬೇಕಾದ ಫೀಲರ್ ಗೇಜ್ (ಸಂದಿನೊಳಗೆ ತೂರಿಸಿ ನೋಡುವ ತೆಳು ಲೋಹದ ಪಟ್ಟಿಗಳು) ಬೈಕ್ ರಿಪೇರಿ ಮಾಡುವವರ ಹತ್ತಿರ ಸಿಗುತ್ತದೆ, ಕೇಳಿ ಪಡೆದು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.