'ರನ್' ಎಂಬ ಒಂದು ಕ್ರಿಯಾಪದ, ನಾಲ್ಕು ಉಚಿತ ನಿಘಂಟುಗಳು: ಕನ್ನಡಿಗರಿಗೆ ಯಾವುದು ಒದಗುತ್ತದೆ?

ಇಂಗ್ಲಿಷ್ ನಿಘಂಟಿನ ಗುಣ ತಿಳಿಯಬೇಕೆಂದರೆ ಕಷ್ಟದ ಪದ ಹುಡುಕಿ ಪ್ರಯೋಜನವಿಲ್ಲ. 'ಫೋಟೋಸಿಂಥೆಸಿಸ್'ಗೆ ಎಲ್ಲ ನಿಘಂಟುಗಳೂ ಸರಿಯಾದ ಅರ್ಥವನ್ನೇ ಕೊಡುತ್ತವೆ. ಒಂದನೇ ತರಗತಿಯ ಮಗುವಿಗೂ ಗೊತ್ತಿರುವ 'ರನ್' ತೆರೆದು ನೋಡಿ, ಬಣ್ಣ ಬಯಲಾಗುತ್ತದೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು 'ಸೆಟ್', 430 ಅರ್ಥಗಳು. 2011ರ ಹೊತ್ತಿಗೆ 'ರನ್' ಅದನ್ನು ಹಿಂದೆ ಹಾಕಿತು: ಬರೀ ಕ್ರಿಯಾಪದಕ್ಕೇ 645 ಅರ್ಥಗಳು. ನಿಘಂಟುಕಾರ ಪೀಟರ್ ಗಿಲಿವರ್ ಆ ಒಂದು ಪದಕ್ಕಾಗಿ ಒಂಬತ್ತು ತಿಂಗಳು ದುಡಿದರು.

ಕಲಿಯುವವರಿಗೆ ಅಷ್ಟೆಲ್ಲ ಬೇಡ. ಇಪ್ಪತ್ತೈದು ಅರ್ಥ ಕೈಗೆ ಬಂದರೆ ಪತ್ರಿಕೆ ಓದುವುದಕ್ಕೂ ಕಚೇರಿಯ ಮೇಲ್ ಬರೆಯುವುದಕ್ಕೂ ಸಾಕು. ಕಾಲಿನ್ಸ್ ಕೋಬಿಲ್ಡ್, ಲಾಂಗ್‌ಮನ್, ಆಕ್ಸ್‌ಫರ್ಡ್ ಲರ್ನರ್ಸ್, ಕೇಂಬ್ರಿಜ್ ಎಂಬ ನಾಲ್ಕು ಆನ್‌ಲೈನ್ ನಿಘಂಟುಗಳು ಆ ಇಪ್ಪತ್ತೈದನ್ನು ಹೇಗೆ ಕೈಗೆ ತಲುಪಿಸುತ್ತವೆ ಎಂಬುದೇ ಇಲ್ಲಿನ ಪರೀಕ್ಷೆ.

ಸಣ್ಣ ಇಂಗ್ಲಿಷ್–ಕನ್ನಡ ನಿಘಂಟುಗಳಲ್ಲಿ 'ಓಡು, ಹರಿ, ನಡೆಸು, ಸೋರು, ಚಲಿಸು' ಎಂದು ಸಾಲಾಗಿ ಕೊಟ್ಟಿರುತ್ತದೆ. ಒಂದೂ ತಪ್ಪಲ್ಲ, ಆದರೆ ಯಾವುದು ಎಲ್ಲಿಗೆ ಎಂದು ತಿಳಿಯುವುದಿಲ್ಲ. ಏಕೆಂದರೆ ಇಂಗ್ಲಿಷ್ ಒಂದೇ ಕ್ರಿಯಾಪದವನ್ನು ಎಲ್ಲದಕ್ಕೂ ದುಡಿಸಿಕೊಳ್ಳುವ ಕಡೆ ಕನ್ನಡ ವಸ್ತುವನ್ನು ನೋಡಿ ಕ್ರಿಯಾಪದ ಆರಿಸುತ್ತದೆ. ಮೂಗು ಸೋರುತ್ತದೆ, ಹೊಳೆ ಹರಿಯುತ್ತದೆ, ಹೊಸ ಸೀರೆ ಬಣ್ಣ ಬಿಡುತ್ತದೆ, ಹೋಟೆಲನ್ನು ನಡೆಸುತ್ತಾರೆ, ಬಾವಿ ಬತ್ತುತ್ತದೆ, ಸಕ್ಕರೆ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಎಲ್ಲವೂ 'ರನ್'. ಸಿನಿಮಾ ಮಾತ್ರ ಎರಡೂ ಭಾಷೆಯಲ್ಲಿ ನೂರು ದಿನ ಓಡುತ್ತದೆ. ಚುನಾವಣೆಯಲ್ಲಿ ಅಮೆರಿಕದವರು 'ರನ್' ಆಗುತ್ತಾರೆ, ಬ್ರಿಟನ್ನಿನವರು 'ಸ್ಟ್ಯಾಂಡ್' ಆಗುತ್ತಾರೆ, ನಾವೂ ನಿಲ್ಲುತ್ತೇವೆ. ನಮ್ಮ 'ಹರಿ'ಯೂ ಕಡಿಮೆಯದೇನಲ್ಲ: ನೀರು ಹರಿಯುತ್ತದೆ, ಹಾವು ಹರಿಯುತ್ತದೆ, ಬಟ್ಟೆ ಹರಿಯುತ್ತದೆ, 'ಲಾರಿ ಹರಿದು ಸವಾರ ಸಾವು' ಎಂದು ಪತ್ರಿಕೆಯಲ್ಲಿ ಬರುತ್ತದೆ. ಈ ಕೊನೆಯದಕ್ಕೆ ಸರಿಹೊಂದುವುದು 'ರನ್ ಓವರ್'.

ಹಾಗಾಗಿ ಯಾರು ಅಥವಾ ಏನು 'ರನ್' ಆಗುತ್ತಿದೆ, ಏನನ್ನು 'ರನ್' ಮಾಡುತ್ತಿದ್ದಾರೆ ಎಂಬುದನ್ನು ಮುಂದಿಡುವ ನಿಘಂಟೇ ನಮಗೆ ಒಳ್ಳೆಯದು. ಈ ಅಳತೆಗೆ ಕಾಲಿನ್ಸ್ ಕೋಬಿಲ್ಡ್ ಉಳಿದವುಗಳಿಗಿಂತ ಮೇಲೆ ನಿಲ್ಲುತ್ತದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ 1987ರಲ್ಲಿ ಬಂದ ಈ ನಿಘಂಟು ಅರ್ಥವನ್ನು ಪೂರ್ತಿ ವಾಕ್ಯದಲ್ಲೇ ಹೇಳುತ್ತದೆ: ಯಾರಾದರೂ ವ್ಯಾಪಾರವನ್ನೋ ಸಂಸ್ಥೆಯನ್ನೋ 'ರನ್' ಮಾಡಿದರೆ ಅದರ ಹೊಣೆ ಅವರದು, ಎಂಬ ಧಾಟಿ. ಕರ್ತೃ, ಕರ್ಮ ಎರಡೂ ಅಲ್ಲೇ ಸಿಗುತ್ತವೆ, ಓದುತ್ತಿದ್ದಂತೆಯೇ 'ನಡೆಸು' ಹೊಳೆಯುತ್ತದೆ. ಒಂದು ಎಚ್ಚರಿಕೆ: ಕಾಲಿನ್ಸ್ ಜಾಲತಾಣದ ಅದೇ ಪುಟದಲ್ಲಿ ಕೋಬಿಲ್ಡ್ ಮುಗಿದ ಮೇಲೆ ಬ್ರಿಟಿಷ್ ಮತ್ತು ಅಮೆರಿಕನ್ ನಿಘಂಟುಗಳು ಶುರುವಾಗುತ್ತವೆ. ಅವು ಇಂಗ್ಲಿಷ್ ಮನೆಮಾತಿನವರಿಗೆ ಬರೆದವು. ಕಲಿಯುವವರು ಕೋಬಿಲ್ಡ್ ಭಾಗಕ್ಕೇ ನಿಲ್ಲಿಸಿ. ಕೆಳಗಿಳಿದರೆ ತಲೆ ಗೊಂದಲದ ಗೂಡು.

ಲಾಂಗ್‌ಮನ್ ಹುಡುಕುವುದಕ್ಕೆ ಸಲೀಸು. ಬಹುತೇಕ ಅರ್ಥಗಳ ಮುಂದೆ ಕೆಲವೇ ಪದಗಳ ಕೈಮರವಿದೆ. ಕಣ್ಣಾಡಿಸಿ ಬೇಕಾದಲ್ಲಿ ನಿಲ್ಲಬಹುದು. ವಿವರಣೆಗೆ ಬಳಸಿರುವುದು ಸುಮಾರು 2000 ಪದಗಳನ್ನು ಮಾತ್ರ, ಆದ್ದರಿಂದ ಒಂದು ಅರ್ಥ ತಿಳಿಯಲು ಇನ್ನೊಂದು ಪದ ಹುಡುಕುವ ಕಾಟ ಕಡಿಮೆ. 'ರನ್ ಇಂಟು', 'ರನ್ ಔಟ್', 'ರನ್ ಓವರ್' ಎಲ್ಲವೂ ಅದೇ ಪುಟದ ಕೆಳಭಾಗದಲ್ಲಿ ಅಕಾರಾದಿಯಾಗಿವೆ. ಉದಾಹರಣೆ ವಾಕ್ಯಗಳನ್ನು ಕೇಳಿಸಿಕೊಳ್ಳಲೂಬಹುದು. ಕೊರತೆ ಎಂದರೆ ಪುಟದ ಉದ್ದ. ತೀರಾ ಕೆಳಗಿನ ಕಾರ್ಪಸ್ (ನಿಜ ಬಳಕೆಯ ಪಠ್ಯಗಳ ಸಂಗ್ರಹ) ವಾಕ್ಯಗಳು ಹಿಂದುಮುಂದಿಲ್ಲದೆ ಬಂದಿರುತ್ತವೆ, ಬಿಟ್ಟುಬಿಡಿ.

ಆಕ್ಸ್‌ಫರ್ಡ್ ಲರ್ನರ್ಸ್‌ನ ಲಾಭ ಅರ್ಥಗಳ ಪಕ್ಕದ ಎ1 (ಆರಂಭದ ಹಂತ), ಬಿ2 (ಮಧ್ಯಮಕ್ಕಿಂತ ಮೇಲಿನ ಹಂತ) ಎಂಬಂಥ ಮಟ್ಟದ ಗುರುತು. ಮೊದಲು ಯಾವುದನ್ನು ಕಲಿಯಬೇಕೆಂದು ಮೇಷ್ಟರಿಗೆ ಇದರಿಂದ ಗೊತ್ತಾಗುತ್ತದೆ. ಕ್ರಿಯಾರೂಪಗಳನ್ನೂ ಒಂದೆಡೆ ಉಚ್ಚಾರಣೆಯೊಂದಿಗೆ ಕೊಟ್ಟಿದೆ. 'ಹ್ಯಾಸ್ ರ‍್ಯಾನ್' ಎಂದು ಬರೆಯುವ ತಪ್ಪು ನಮ್ಮಲ್ಲಿ ಬಹಳ. ಸರಿಯಾದದ್ದು 'ಹ್ಯಾಸ್ ರನ್'. ಆದರೆ 'ರನ್ ಇಂಟು' ಬಗೆಯ ಪ್ರತಿಯೊಂದಕ್ಕೂ ಬೇರೆ ಪುಟ ತೆರೆಯಬೇಕು, ನಿಧಾನದ ಮೊಬೈಲ್ ನೆಟ್‌ನಲ್ಲಿ ಇದು ಕಿರಿಕಿರಿ. ಕೇಂಬ್ರಿಜ್‌ನದೂ ಹೆಚ್ಚುಕಡಿಮೆ ಇದೇ ಕಥೆ. ಕಂಪನಿ ಕೆಲಸದವರಿಗೆ ಅದರ ಬಿಸಿನೆಸ್ ಇಂಗ್ಲಿಷ್ ಭಾಗ ಹೆಚ್ಚಿನ ಅನುಕೂಲ.

ಯಾವುದೇ ತೆರೆಯಿರಿ, ಕನ್ನಡಿಗರು ಎಡವುವ ಜಾಗಗಳನ್ನು ಮೊದಲೇ ತಿಳಿದಿರಬೇಕು. ನಾವು ಗಾಡಿ 'ಓಡಿಸುತ್ತೇವೆ', ಹಾಗಾಗಿ 'ಹಿ ರನ್ಸ್ ದ ಕಾರ್ ವೆಲ್' ಎಂಬ ವಾಕ್ಯ ಸುಲಭವಾಗಿ ಬಂದುಬಿಡುತ್ತದೆ. ಅಲ್ಲಿ ಬೇಕಾದದ್ದು 'ಡ್ರೈವ್'. 'ರನ್ ಎ ಕಾರ್' ಎಂದರೆ ಕಾರು ಇಟ್ಟುಕೊಂಡು ಅದರ ಖರ್ಚು ನಿಭಾಯಿಸುವುದು. ಪೆಟ್ರೋಲ್, ಇನ್ಶೂರೆನ್ಸ್, ಸರ್ವೀಸ್ ಎಲ್ಲ ಸೇರಿ. ಎರಡನೆಯದು 'ರನ್ ಔಟ್'. ಕನ್ನಡದಲ್ಲಿ 'ನಮ್ಮ ಮನೇಲಿ ಸಕ್ಕರೆ ಮುಗಿದಿದೆ' ಎಂಬ ಒಂದೇ ವಾಕ್ಯ ಸಾಕು, ಕರ್ತೃ ಸಕ್ಕರೆ. ಇಂಗ್ಲಿಷಿನಲ್ಲಿ ಎರಡು ದಾರಿ: 'ದ ಷುಗರ್ ಹ್ಯಾಸ್ ರನ್ ಔಟ್', ಇಲ್ಲವೇ 'ವಿ ಹ್ಯಾವ್ ರನ್ ಔಟ್ ಆಫ್ ಷುಗರ್'. ಮನುಷ್ಯ ಕರ್ತೃವಾಗಿ, ಮುಗಿದ ವಸ್ತುವಿನ ಹೆಸರೂ ಬಂದಾಗ 'ಆಫ್' ಬಿಟ್ಟರೆ ವಾಕ್ಯ ಕೆಡುತ್ತದೆ. ಬರೀ 'ವಿ ರನ್ ಔಟ್' ಎಂದರೆ ಕ್ರಿಕೆಟ್ ನೆನಪಾದೀತು. ಮೂರನೆಯದು 'ರನ್ ಇಂಟು': ಮುಂದೆ ಸ್ನೇಹಿತನಿದ್ದರೆ ಅಚಾನಕ್ಕಾಗಿ ಸಿಕ್ಕಿದ, ಕಂಬವಿದ್ದರೆ ಗುದ್ದಿದ, ತೊಂದರೆಯಿದ್ದರೆ ಎದುರಾಯಿತು, ಮುಂದೆ ಲಕ್ಷ ಕೋಟಿಯ ಲೆಕ್ಕವಿದ್ದರೆ ಅಷ್ಟು ಮೊತ್ತ ಮುಟ್ಟಿತು. ನಾಲ್ಕನೆಯ ಎಡವು 'ಐ ಆ್ಯಮ್ ರನಿಂಗ್ ಲೇಟ್'. ಅಲ್ಲಿ ಯಾರೂ ಓಡುತ್ತಿಲ್ಲ, 'ನನಗೆ ತಡವಾಗ್ತಿದೆ' ಅಷ್ಟೇ. 'ರನ್ ಲೋ', 'ರನ್ ಡ್ರೈ' ಕೂಡ ಇದೇ ಗುಂಪಿನವು. ಮುಂದೆ ವಿಶೇಷಣ ಬಂದರೆ 'ಆಗು' ಎಂದು ಓದಿಕೊಳ್ಳಿ.

ಹುಡುಕುವ ಕ್ರಮ ಹೀಗಿರಲಿ. ನಿಘಂಟು ತೆರೆಯುವ ಮುಂಚೆಯೇ ವಾಕ್ಯದಲ್ಲಿ ಕರ್ತೃ ಯಾವುದು, ಕರ್ಮ ಇದೆಯೇ ಎಂದು ಗುರುತಿಸಿ. 'ರನ್' ಪಕ್ಕದಲ್ಲಿ 'ಔಟ್', 'ಇಂಟು', 'ಅಪ್' ಇದ್ದರೆ ಅರ್ಥಗಳ ಪಟ್ಟಿಯನ್ನೇ ಮುಟ್ಟದೆ ನೇರವಾಗಿ ಕೆಳಗಿನ ಜೋಡಿಪದಗಳಿಗೆ ಹೋಗಿ. ಬಹುಪಾಲು ಸಮಯ ಹಾಳಾಗುವುದು ಇದನ್ನು ಮಾಡದೆ ಒಂದನೇ ಅರ್ಥದಿಂದ ಓದತೊಡಗುವುದರಿಂದ. ಲಾಂಗ್‌ಮನ್‌ನಲ್ಲಿ ಜಾಗ ಹಿಡಿದು, ಸಂಶಯವಿದ್ದರೆ ಕೋಬಿಲ್ಡ್‌ನಲ್ಲಿ ಅದೇ ಅರ್ಥದ ವಾಕ್ಯ ಓದಿ. ನಾಲ್ಕೂ ತಾಣಗಳಲ್ಲಿ ಓದಲು ದುಡ್ಡಿಲ್ಲ, ಜಾಹೀರಾತು ಸಹಿಸಿಕೊಳ್ಳಬೇಕು, ಇಂಟರ್‌ನೆಟ್ ಬೇಕು. ನೋಟ್‌ಬುಕ್ಕಿನಲ್ಲಿ 'ರನ್ = ನಡೆಸು' ಎಂದು ಬರೆದುಕೊಳ್ಳಬೇಡಿ; 'ರನ್ ಎ ಹೋಟೆಲ್ = ಹೋಟೆಲ್ ನಡೆಸು' ಎಂದು ಜೊತೆಗಿರುವ ಪದ ಸಮೇತ ಬರೆಯಿರಿ.