ಆರ್‌ಸಿ (ರಿಮೋಟ್) ಕಾರಿಗೆ ತರಿಸಿದ ಎಂ3 (3 ಎಂಎಂ ದಪ್ಪದ) ಸ್ಕ್ರೂ ಡಬ್ಬಿ, ಐದಕ್ಕೆ ನಾಲ್ಕು ಸ್ಟಾರ್

ಮೊದ್ಲೇ ಹೇಳ್ಬಿಡ್ತೀನಿ, ನಾಲ್ಕು ಸ್ಟಾರ್ ಕೊಟ್ಟಿರೋದು ಡಬ್ಬಿಲಿರೋ ಸ್ಕ್ರೂಗೆ, ಜೊತೆಲಿ ಬಂದ ಎಲ್ ಕೀಗೆ (ಸ್ಕ್ರೂ ತಿರುಗಿಸೋ ಆರು ಮೂಲೆಯ ಬಗ್ಗಿದ ಕಡ್ಡಿ) ಅಲ್ಲ. ಅದು ಮೂರನೇ ಸ್ಕ್ರೂಗೇ ಮೂಲೆ ಸವೆದು ಗುಂಡಗಾಯ್ತು.

ನಂದು ಹಾಸನ. ಅಕ್ಕನ ಮಗನಿಗೆ ಅಂತ ಹೇಳಿ ಒಂದು ಪ್ಲಾಸ್ಟಿಕ್ ಚಾಸಿ (ತಳದ ಚೌಕಟ್ಟು) ಇರೋ ಆರ್‌ಸಿ ಬಗ್ಗಿ ಕಾರು ತಗೊಂಡಿದ್ದೆ, ಓಡ್ಸೋದು ಮುಕ್ಕಾಲು ಪಾಲು ನಾನೇ. ಮಾರ್ಚಲ್ಲಿ ಬೇಲೂರು ಕಡೆ ಚಿಕ್ಕಪ್ಪನ ತೋಟಕ್ಕೆ ಹೋಗಿದ್ವಿ, ಕೊಯ್ಲು ಮುಗಿದು ಕಾಫಿ ಕಣ ಖಾಲಿ ಬಿದ್ದಿತ್ತು, ಆರ್‌ಸಿ ಓಡ್ಸೋಕೆ ಅದಕ್ಕಿಂತ ಒಳ್ಳೆ ಜಾಗ ಸಿಗಲ್ಲ ಬಿಡಿ. ಎರಡನೇ ರೌಂಡಲ್ಲೇ ಮುಂದಿನ ಎಡಗಡೆ ಚಕ್ರ ಒಂದು ಕಡೆಗೆ ವಾಲ್ಕೊಂಡು ಕೂತ್ಬಿಡ್ತು. ನೋಡಿದ್ರೆ ಸ್ಟೀರಿಂಗ್ ಹಬ್ (ಮುಂದಿನ ಚಕ್ರ ಕೂರೋ, ತಿರುಗೋ ಭಾಗ) ಹಿಡ್ಕೊಂಡಿರೋ ಸ್ಕ್ರೂನೇ ಇಲ್ಲ. ಮೂಲೆಲಿ ಅಲ್ಲಲ್ಲಿ ಒಣಗಿದ ಕಾಫಿ ಹಣ್ಣು ಉಳಿದಿತ್ತು, ಅದೂ ಕಪ್ಪು, ಸ್ಕ್ರೂನೂ ಕಪ್ಪು, ಮಾವ ಅಳಿಯ ಇಬ್ರೂ ಮಂಡಿ ಊರಿ ಅರ್ಧ ಗಂಟೆ ಹುಡುಕಿದ್ವಿ. ಚಿಕ್ಕಮ್ಮ ಬಂದು "ಏನ್ರೋ ಅದು, ಉದುರು ಕಾಫಿ ಆರಿಸ್ತಾ ಇದೀರಾ" ಅಂದ್ರು.

ಊರಿಗೆ ಬಂದ್ಮೇಲೆ ಮಾಡಿದ ಮೊದಲ ತಪ್ಪು, ನೀಲಿ ಥ್ರೆಡ್‌ಲಾಕರ್ ತಂದಿದ್ದು. ಸ್ಕ್ರೂ ಬಿಚ್ಕೊಳ್ತಿದೆ ಅಂದ್ರೆ ಅಂಟು ಹಾಕೋದು ತಾನೇ ಅಂತ. ಇದು ಗಾಳಿ ಇಲ್ಲದ ಸಂದಿಲಿ, ಲೋಹಕ್ಕೆ ಲೋಹ ತಾಗಿದ್ರೆ ಮಾತ್ರ ಗಟ್ಟಿಯಾಗೋ ಅಂಟು. ಪ್ಲಾಸ್ಟಿಕ್ ತೂತೊಳಗೆ ಹಾಕಿದ್ರೆ ಸರಿಯಾಗಿ ಗಟ್ಟಿಯಾಗದೆ ಒದ್ದೆ ಒದ್ದೆ ಆಗೇ ಕೂತಿರುತ್ತೆ, ಅಷ್ಟೇ ಆದ್ರೆ ಪರವಾಗಿಲ್ಲ, ಎಬಿಎಸ್ಸು ಪಾಲಿಕಾರ್ಬೊನೇಟು ಥರದ ಪ್ಲಾಸ್ಟಿಕ್ ಆದ್ರೆ ಬಿರುಕು ಬೇರೆ ಬಿಡಿಸುತ್ತೆ. ಎರಡು ದಿನ ಬಿಟ್ಟು ಬಿಚ್ಚಿ ನೋಡಿದ್ರೆ ಸರ್ವೋ (ಚಕ್ರ ಎಡಕ್ಕೆ ಬಲಕ್ಕೆ ತಿರುಗಿಸೋ ಪುಟ್ಟ ಮೋಟಾರ್) ಕೂರೋ ಪ್ಲಾಸ್ಟಿಕ್ಕಲ್ಲಿ ತೂತಿನ ಸುತ್ತ ಕೂದಲೆಳೆ ಥರ ಮೂರು ಬಿಳಿ ಗೆರೆ, ಉಗುರಲ್ಲಿ ಸ್ವಲ್ಪ ಒತ್ತಿದ್ದಕ್ಕೆ ಚೂರು ಕೈಗೇ ಬಂತು. ಬಾಟ್ಲಿ ಮೇಲೆ ಸಣ್ಣ ಅಕ್ಷರದಲ್ಲಿ ಪ್ಲಾಸ್ಟಿಕ್‌ಗೆ ಹಾಕ್ಬೇಡಿ ಅಂತ ಬರೆದೂ ಇತ್ತು, ಓದಿದ್ದು ಆಮೇಲೆ. ಹಾಗಂತ ಬಾಟ್ಲಿ ಎಸೆದಿಲ್ಲ, ಮೋಟಾರ್ ಶಾಫ್ಟಿಗೆ ಪಿನಿಯನ್ (ಪುಟ್ಟ ಗೇರ್) ಹಿಡಿಸೋ, ತಲೆ ಇಲ್ಲದ ಪುಟ್ಟ ಗ್ರಬ್ ಸ್ಕ್ರೂಗೆ ಅದೇ ಬೇಕು, ಅಲ್ಲಿ ಎರಡೂ ಲೋಹ, ಒಂದು ತೊಟ್ಟು ಸಾಕು.

ಅಸಲಿ ವಿಷ್ಯ ಏನಪ್ಪಾ ಅಂದ್ರೆ ಪ್ಲಾಸ್ಟಿಕ್ಕಲ್ಲಿ ಸ್ಕ್ರೂ ಲೂಸ್ ಆಗೋದು ಬರೀ ಅದುರಿ ಅಲ್ಲ, ಬಹಳ ಸಲ ನಾವೇ ಮಾಡಿರೋ ಕೆಲ್ಸ. ಇನ್ನೊಂಚೂರು ಟೈಟ್ ಇರ್ಲಿ ಅಂತ ಕೊನೇಲಿ ಒಂದು ಸುತ್ತು ತಿರುಗಿಸ್ತೀವಲ್ಲ, ಅಲ್ಲೇ ತೂತೊಳಗಿನ ಥ್ರೆಡ್ (ಸ್ಕ್ರೂ ಕಚ್ಕೊಳ್ಳೋ ಸುರುಳಿ ಗೆರೆ) ಕಿತ್ಕೊಂಡು ಹೋಗೋದು. ನಾನಂತೂ ಬ್ಯಾಟರಿ ಡ್ರಿಲ್ಲಲ್ಲಿ ಗಿರ್ರ್ ಅಂತ ಹಾಕಿದ್ದೆ, ಆ ಸ್ಪೀಡಿಗೆ ಸ್ಕ್ರೂ ಬಿಸಿಯಾಗಿ ಪ್ಲಾಸ್ಟಿಕ್ಕೇ ಮೆತ್ತಗಾಗುತ್ತೆ. ಆಮೇಲೆ ಸ್ಕ್ರೂ ಸುಮ್ನೆ ಸುತ್ತುತ್ತೆ, ಹಿಡ್ಯಲ್ಲ.

ಸರಿ, ಒಂದು ಸೈಜ್ ದೊಡ್ಡ ಸ್ಕ್ರೂ ಹಾಕೋಣ ಅಂತ ಸಂತೆಪೇಟೆ ಕಡೆ ಹಾರ್ಡ್‌ವೇರ್ ಅಂಗಡಿಗೆ ಹೋದ್ರೆ ಅವ್ರು ಸ್ಯಾಂಪಲ್ ಸ್ಕ್ರೂನ ಅಂಗೈ ಮೇಲೆ ಇಟ್ಕೊಂಡು ಕನ್ನಡಕ ಏರಿಸಿ ನೋಡಿ "ಇಷ್ಟು ಸಣ್ದು ನಾವು ಇಡಲ್ಲ ಸ್ವಾಮಿ, ಮೊಬೈಲ್ ರಿಪೇರಿಯವ್ರ ಹತ್ರ ಕೇಳಿ" ಅಂದ್ರು. ಮೊಬೈಲ್ ಅಂಗಡಿ ಹುಡುಗ "ಅಣ್ಣ ಇಷ್ಟು ದಪ್ಪದ್ದು ನಮ್ಗೆ ಯಾಕ್ ಬೇಕು" ಅಂತ ನಕ್ಕ. ಹಂಗಾಗಿ ಆನ್‌ಲೈನಲ್ಲೇ ಈ ಡಬ್ಬಿ ತರಿಸಿದ್ದು, ಹಾಸನಕ್ಕೆ ಬರೋಕೆ ನಾಲ್ಕು ದಿನ ಆಯ್ತು.

ಡಬ್ಬಿ ಒಳಗೆ ಎಂ3 ಸ್ಟೇನ್‌ಲೆಸ್ ಸ್ಕ್ರೂ, 6 ಎಂಎಂ ಇಂದ 20 ಎಂಎಂ ತನಕ, ಬೇರೆ ಬೇರೆ ಖಾನೆಲಿ. ಅರ್ಧ ಬಟನ್ ತಲೆ (ಚಪ್ಪಟೆ ಗುಂಡು), ಅರ್ಧ ಕ್ಯಾಪ್ ತಲೆ (ಎತ್ತರದ ಸಿಲಿಂಡರ್ ಥರ). ಗಮನಿಸಿ, ಎಂ3 ಬಟನ್ ತಲೆಗೆ 2 ಎಂಎಂ ಕೀ, ಕ್ಯಾಪ್ ತಲೆಗೆ 2.5. ಬಟನ್ನಿನ ಗುಳಿ ಸಣ್ಣದು, ಕೀ ಚೂರು ಸವೆದಿದ್ರೂ ಗುಳಿ ಹಾಳು, ಸ್ಟೇನ್‌ಲೆಸ್ ಬೇರೆ ಸ್ವಲ್ಪ ಮೆತ್ತಗೆ. ಕಂಪನಿ ಹಾಕಿದ್ದ ಕಪ್ಪು ಸ್ಕ್ರೂ ಇದಕ್ಕಿಂತ ಗಟ್ಟಿ ನಿಜ, ಆದ್ರೆ ನಮ್ಮೂರ ಮಳೇಲಿ ಎರಡು ವಾರಕ್ಕೆ ತುಕ್ಕು ಬಂದಿತ್ತು, ಇದಕ್ಕೆ ಜೂನ್ ಜುಲೈ ಕಳೆದ್ರೂ ಏನೂ ಆಗಿಲ್ಲ. ಒಂದು ಖಾನೇಲಿ 20 ಇರ್ಬೇಕಾದ ಜಾಗದಲ್ಲಿ 17 ಇತ್ತು, ಅದೂ 12 ಎಂಎಂ ಖಾನೇಲೇ, ನಂಗೆ ಬೇಕಾಗಿದ್ದೇ ಅದು.

ನನ್ ಕಾರಲ್ಲಿ ಮೊದ್ಲು ಇದ್ದಿದ್ದು 2.6 ಎಂಎಂ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ, ಅಂದ್ರೆ ಪ್ಲಾಸ್ಟಿಕ್ಕಲ್ಲಿ ತಾನೇ ಥ್ರೆಡ್ ಕೊರ್ಕೊಂಡು ಹೋಗೋದು. ಸವೆದ ತೂತಿಗೆ ಎಂ3 ಹಾಕಿದ್ರೆ ಹೊಸದಾಗಿ ಥ್ರೆಡ್ ಕೊರ್ಕೊಂಡು ಹೋಗುತ್ತೆ, ಒಂದ್ಚೂರು ಉದ್ದದ್ದು ಹಾಕಿದ್ರೆ ತಳದಲ್ಲಿ ಇನ್ನೂ ಮುಟ್ಟದ ಪ್ಲಾಸ್ಟಿಕ್ ಸಿಗುತ್ತೆ, ಗೇರ್‌ಬಾಕ್ಸ್ ಮುಚ್ಚಳಕ್ಕೆ 8 ಇದ್ದ ಕಡೆ 10 ಹಾಕಿದೆ, ಆಮೇಲೆ ಮುಟ್ಟೇ ಇಲ್ಲ. ಆದ್ರೆ ತೂತು ಎಷ್ಟು ಆಳ ಅಂತ ಮೊದ್ಲು ಒಂದು ಕಡ್ಡಿ ಇಳಿಸಿ ನೋಡಿ, ಉದ್ದ ಜಾಸ್ತಿ ಆದ್ರೆ ಆ ಕಡೆಯಿಂದ ಹೊರಗೆ ಬಂದು ಗೇರ್‌ಗೆ ತಾಗುತ್ತೆ. ನಿಮ್ ಕಾರಲ್ಲಿ ಮೊದ್ಲಿಂದಾನೇ 3 ಎಂಎಂ ಸೆಲ್ಫ್ ಟ್ಯಾಪಿಂಗ್ ಇದ್ರೆ ಈ ಡಬ್ಬಿ ತಗೋಬೇಡಿ, ಇದ್ರ ಥ್ರೆಡ್ ಸಣ್ಣದು ಒತ್ತೊತ್ತಾಗಿರುತ್ತೆ, ಆ ಅಗಲ ಥ್ರೆಡ್ಡಿನ ತೂತಲ್ಲಿ ಸರಿಯಾಗಿ ಕೂರಲ್ಲ.

ಸ್ಟೀರಿಂಗ್ ಹಬ್ ಮಾತ್ರ ಎಂ3ಗೂ ಹಿಡೀಲಿಲ್ಲ, ಅಷ್ಟು ಅಗಲ ಆಗಿತ್ತು. ಅದಕ್ಕೆ ಫೆವಿಕ್ವಿಕ್ ಒಂದು ತೊಟ್ಟು ತೂತೊಳಗೆ ಬಿಟ್ಟು, ಟೂತ್‌ಪಿಕ್ಕಲ್ಲಿ ಸುತ್ತ ಸವರಿ, ರಾತ್ರಿಯಿಡೀ ಹಾಗೇ ಬಿಟ್ಟೆ. ಪೂರ್ತಿ ಒಣಗಿದ ಮೇಲೇನೇ ಸ್ಕ್ರೂ ಹಾಕ್ಬೇಕು, ಹಸಿ ಇದ್ದಾಗ ಹಾಕಿದ್ರೆ ಸ್ಕ್ರೂ ಅಲ್ಲೇ ಸಮಾಧಿ. ಬೆಳಗ್ಗೆ ಎಲ್ ಕೀಲಿ ನಿಧಾನಕ್ಕೆ ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ಅಂತ ಹಾಕಿದ್ರೆ ಒಳಗೆ ಕಿರಕಿರ ಅಂತ ಕೊರ್ಕೊಳ್ಳೋದು ಬೆರಳಿಗೇ ಗೊತ್ತಾಗುತ್ತೆ. ಇಷ್ಟೂ ಬೇಡ ಅನ್ನೋರು ನಲ್ಲಿಗೆ ಸುತ್ತೋ ಬಿಳಿ ಟೆಫ್ಲಾನ್ ಟೇಪ್ ಸ್ಕ್ರೂಗೆ ಒಂದೆರಡು ಸುತ್ತು ಸುತ್ತಿ ಹಾಕ್ಬಹುದು, ಸ್ವಲ್ಪ ಲೂಸ್ ಇದ್ರೆ ಸಾಕಾಗುತ್ತೆ.

ಇನ್ನೊಂದು, ಬಿಚ್ಚಿದ ಸ್ಕ್ರೂ ವಾಪಸ್ ಹಾಕೋವಾಗ ಮೊದ್ಲು ಉಲ್ಟಾ ತಿರುಗಿಸಿ. ಒಂದು ಕಡೆ ಟಕ್ ಅಂತ ಸ್ಕ್ರೂ ಸ್ವಲ್ಪ ಕೆಳಗೆ ಬೀಳುತ್ತೆ, ಹಳೇ ಥ್ರೆಡ್ ಸಿಕ್ತು ಅಂತ ಅರ್ಥ, ಅಲ್ಲಿಂದ ಮುಂದಕ್ಕೆ ತಿರುಗಿಸಿ. ಸೀದಾ ಒತ್ತಿ ತಿರುಗಿಸಿದ್ರೆ ಪ್ರತಿ ಸಲ ಹೊಸ ದಾರಿ ಕೊರೆದು ಕೊರೆದು ನಾಲ್ಕನೇ ಸಲಕ್ಕೆ ಏನೂ ಉಳ್ಯಲ್ಲ. ಅಳಿಯನಿಗೆ ಇದನ್ನ ಹೇಳಿಕೊಟ್ಟೆ, ಈಗ ನಾನು ಮರೆತ್ರೆ "ಮಾಮ, ಟಕ್ ಕೇಳಿಸ್ಲಿಲ್ಲ" ಅಂತ ಅವನೇ ನಿಲ್ಲಿಸ್ತಾನೆ.

ಬೆಲೆ 399 ಕೊಟ್ಟೆ. ಒಳ್ಳೆ 2 ಮತ್ತು 2.5 ಎಂಎಂ ಹೆಕ್ಸ್ ಡ್ರೈವರ್ (ಆರು ಮೂಲೆ ತುದಿಯ ಸ್ಕ್ರೂಡ್ರೈವರ್) ಬೇರೆ ತಗೊಳ್ಳಿ, ಅದಿಲ್ದೆ ಈ ಡಬ್ಬಿ ತರಿಸಿ ಪ್ರಯೋಜನ ಇಲ್ಲ. 16, 20 ಎಂಎಂ ಅಷ್ಟೂ ಹಾಗೇ ಉಳ್ಕೊಂಡಿದೆ, ಅಮ್ಮ ಕುಕ್ಕರ್ ಹಿಡಿಗೆ ಆಗುತ್ತಾ ಅಂತ ಕೇಳ್ತಿದಾರೆ. ಆಗಲ್ಲ, ನೋಡಿದೆ.