ಚೌಕಾಬಾರ ಸೆಟ್: ಸಂಭವನೀಯತೆಯ ಮೊದಲ ಪಾಠಕ್ಕೆ ದಾಳಕ್ಕಿಂತ ಕವಡೆ ವಾಸಿ

ಸಂಭವನೀಯತೆಯ ಪಾಠ ಎಂದರೆ ನಾಣ್ಯ, ದಾಳ, ಇಸ್ಪೀಟು. ಮೂರರದ್ದೂ ಒಂದೇ ಗುಣ: ಎಲ್ಲ ಫಲಿತಗಳೂ ಸಮಸಂಭವನೀಯ ಎಂದು ಮೊದಲೇ ಒಪ್ಪಿಕೊಂಡಿರುತ್ತೇವೆ. ಹಾಗಾಗಿ ಅನುಕೂಲ ಫಲಿತಗಳನ್ನು ಎಣಿಸಿ, ಒಟ್ಟು ಫಲಿತಗಳಿಂದ ಭಾಗಿಸಿದರೆ ಮುಗಿಯಿತು ಎಂಬುದು ಕಲಿಯುವವರ ತಲೆಯಲ್ಲಿ ಕೂತುಬಿಡುತ್ತದೆ. ಕವಡೆ ಹಿಡಿದರೆ ಆ ಸೂತ್ರ ಅಷ್ಟು ಸಲೀಸಾಗಿ ನಡೆಯುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಚೌಕಾಬಾರ ಸೆಟ್ಟನ್ನು ಇಲ್ಲಿ ತೂಗುತ್ತಿರುವುದು ಆ ಕಾರಣಕ್ಕೆ. ಆಟದ ಮಜಾ ಬೇರೆ ಲೆಕ್ಕ.

ಸೆಟ್‌ನಲ್ಲಿ ಇರುವುದು ಇಷ್ಟೇ: 25 ಮನೆಯ ಹಾಸು ಅಥವಾ ಮಣೆ, ನಾಲ್ವರಿಗೆ ತಲಾ 4ರಂತೆ 16 ಕಾಯಿ, 4 ಕವಡೆ. ನಮ್ಮ ಕೆಲಸಕ್ಕೆ ಬೇಕಾದದ್ದು ಕವಡೆ ಮಾತ್ರ. ಬಾಯಿ ಮೇಲಾಗಿ ಅಂಗಾತ ಬಿದ್ದವನ್ನು ಎಣಿಸಬೇಕು. ಒಂದು, ಎರಡು, ಮೂರು ಬಿದ್ದರೆ ಅಷ್ಟೇ ಮನೆ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಚೌಕ, ಬಾರ ಎರಡಕ್ಕೂ ಇನ್ನೊಂದು ಎಸೆತ ಸಿಗುತ್ತದೆ. ಊರೂರಿಗೆ ನಿಯಮ ಸ್ವಲ್ಪ ಬದಲಾಗುವುದುಂಟು, ಎಣಿಕೆ ಬಹುಪಾಲು ಇದೇ.

ಹೊಸಬರು ಎಡವುವುದು ಇಲ್ಲಿಯೇ. 1, 2, 3, 4, 8 ಎಂದು ಐದು ಫಲಿತ ಇವೆ, ಆದ್ದರಿಂದ ಒಂದೊಂದಕ್ಕೂ ಐದರಲ್ಲಿ ಒಂದು ಪಾಲು ಎನ್ನುತ್ತಾರೆ. ನಗಬೇಡಿ, ಇದೇ ಜಾತಿಯ ತಪ್ಪನ್ನು ಫ್ರಾನ್ಸಿನ ಗಣಿತಜ್ಞ ದಲಂಬೇರ್ 1754ರಲ್ಲಿ ವಿಶ್ವಕೋಶದ ಲೇಖನದಲ್ಲೇ ಮಾಡಿದ. ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ಶಿರ ಬೀಳುವ ಸಂಭವ 2/3 ಎಂದ, ಸರಿಯುತ್ತರ 3/4. ಕವಡೆಗಳ ಬೆನ್ನಿಗೆ ಮಾರ್ಕರ್‌ನಲ್ಲಿ 1, 2, 3, 4 ಎಂದು ಬರೆದುಬಿಟ್ಟರೆ ಈ ತಪ್ಪು ತಾನಾಗಿ ಕಳಚುತ್ತದೆ. ಒಂದೊಂದಕ್ಕೂ ಎರಡು ದಾರಿ, ನಾಲ್ಕಕ್ಕೆ 2×2×2×2, ಒಟ್ಟು 16. ಅದರಲ್ಲಿ ‘ಎರಡು’ ಬೀಳಲು ಅಂಗಾತವಾಗಬೇಕಾದ ಜೋಡಿಗಳು 1-2, 1-3, 1-4, 2-3, 2-4, 3-4: ಆರು. ‘ಒಂದು’ ಬೀಳಲು ನಾಲ್ಕು ದಾರಿ, ‘ಮೂರು’ ಬೀಳಲೂ ನಾಲ್ಕು. ಚೌಕಕ್ಕೆ ಒಂದು, ಬಾರಕ್ಕೆ ಒಂದು. ಈ 16 ಸಾಲನ್ನು ಕಲಿಯುವವರ ಕೈಯಿಂದಲೇ ಬರೆಸಬೇಕು; ಬೋರ್ಡಿನ ಮೇಲೆ ನಾವು ಬರೆದುಕೊಟ್ಟರೆ ಪ್ರಯೋಜನವಿಲ್ಲ.

ಅಂಗಾತ, ಬೋರಲು ಎರಡಕ್ಕೂ ಸಮಪಾಲಿದ್ದರೆ ಬಾರದ ಸಂಭವ 1/16, ಚೌಕದ್ದೂ 1/16, ಮರು ಎಸೆತದ್ದು 1/8. ಆದರೆ ಕವಡೆಯ ಒಂದು ಮಗ್ಗುಲು ಉಬ್ಬು, ಇನ್ನೊಂದು ಹೆಚ್ಚುಕಡಿಮೆ ಚಪ್ಪಟೆ. ಸಮಪಾಲು ಎನ್ನಲು ಆಧಾರವೇನು? ಅಂಗಾತ ಬೀಳುವ ಸಂಭವ 0.5ರ ಬದಲು 0.4 ಎಂದಿಟ್ಟುಕೊಳ್ಳಿ. ಬಾರ 0.6ರ ನಾಲ್ಕನೇ ಘಾತ, 0.1296. ಚೌಕ 0.4ರ ನಾಲ್ಕನೇ ಘಾತ, 0.0256. ಒಂದು ಕವಡೆಯಲ್ಲಿ ಇಷ್ಟೇ ಇಷ್ಟು ವಾಲಿಕೆ, ಆಟದಲ್ಲಿ ಬಾರ ಚೌಕದ ಐದು ಪಟ್ಟು! ಸ್ವತಂತ್ರ ಘಟನೆಗಳ, ಅಂದರೆ ಒಂದರ ಫಲಿತ ಇನ್ನೊಂದನ್ನು ಮುಟ್ಟದ ಘಟನೆಗಳ, ಸಂಭವಗಳನ್ನು ಗುಣಿಸಬೇಕು ಎಂಬ ನಿಯಮದ ಬಲ ಇಷ್ಟು ಚೆನ್ನಾಗಿ ದಾಳದಲ್ಲಿ ಕಾಣುವುದಿಲ್ಲ. ದಾಳದಲ್ಲೂ ವಾಲಿಕೆ ಇರುತ್ತದೆ, ಆದರೆ ಹಿಡಿಯುವುದು ಕಷ್ಟ. ಇಂಗ್ಲೆಂಡಿನ ಜೀವವಿಜ್ಞಾನಿ ವೆಲ್ಡನ್ 12 ದಾಳಗಳನ್ನು 26,306 ಸಲ ಎಸೆದಾಗ 5 ಅಥವಾ 6 ಬಿದ್ದ ಪ್ರಮಾಣ 0.3333 ಆಗಿರದೆ 0.3377 ಬಂತು. ಅಷ್ಟು ತಾಳ್ಮೆ ಯಾವ ತರಗತಿಗೂ ಇಲ್ಲ.

ಕವಡೆಗೆ ಒಂದು ಪೀರಿಯಡ್ ಸಾಕು. ನಾಲ್ಕು ಕಾಲಮ್ ಹಾಕಿ 50 ಸಲ ಎಸೆಯಿರಿ, ಪ್ರತಿ ಕವಡೆಯದ್ದೂ ಬೇರೆಯಾಗಿ ಗುರುತು ಮಾಡಿ. ಒಟ್ಟು 200 ಗುರುತು ಸಿಗುತ್ತವೆ. ನಾಲ್ಕೂ ಒಂದೇ ತರಹ ನಡೆದುಕೊಂಡರೆ ಕೂಡಿಸಿ; ಸಿಗುವ ಪ್ರಮಾಣ ನಿಜದಿಂದ ಶೇ. 7ರಷ್ಟು ಅತ್ತಿತ್ತ ಇರಬಹುದು ಎಂದು ಎಣಿಸಿ. 100 ಗುರುತಿಗಾದರೆ ಶೇ. 10, 400ಕ್ಕೆ ಶೇ. 5. ತಪ್ಪು ಅರ್ಧವಾಗಬೇಕಾದರೆ ಎಸೆತ ನಾಲ್ಕು ಪಟ್ಟು ಬೇಕು ಎಂಬುದನ್ನು ಇಲ್ಲೇ ತೋರಿಸಬಹುದು. ಹತ್ತು ಸಲ ಎಸೆದು ತೀರ್ಪು ಕೊಡುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಎಣಿಕೆ ಕೆಡುವುದು ಸಾಮಾನ್ಯವಾಗಿ ಎಸೆತದಲ್ಲಿ. ಬಟ್ಟೆ ಹಾಸಿನ ಮೇಲೆ ತಗ್ಗಿನಿಂದ ಜಾರಿಸಿದರೆ ಕವಡೆ ಉರುಳುವುದೇ ಇಲ್ಲ, ಕೈಯಲ್ಲಿ ಹೇಗಿತ್ತೋ ಹಾಗೇ ಕೂರುತ್ತದೆ. ಗಟ್ಟಿ ನೆಲದ ಮೇಲೆ, ಗೇಣೆತ್ತರದಿಂದ, ಎರಡೂ ಕೈಯಲ್ಲಿ ಕುಲುಕಿ ಬಿಡಬೇಕು. ಒಂದು ಕವಡೆ ಗೋಡೆಗೆ ಒರಗಿ ಓರೆ ನಿಂತರೆ ಅದೊಂದನ್ನೇ ಮತ್ತೆ ಎಸೆಯಬೇಡಿ, ಇಡೀ ಎಸೆತವನ್ನೇ ಬಿಟ್ಟುಬಿಡಿ. ಐದು ಸಲ ಬಾರ ಬೀಳದಿದ್ದರೆ ಆರನೆಯದಕ್ಕೆ ಖಂಡಿತ ಎಂಬ ವಾದ ಹೊರಡುತ್ತದೆ. ಕವಡೆಗೆ ಜ್ಞಾಪಕಶಕ್ತಿ ಇಲ್ಲ, ಆರನೆಯದಕ್ಕೂ ಮೊದಲಿನಷ್ಟೇ ಪಾಲು.

ಸೆಟ್‌ನ ಕೊರತೆ ಒಂದಿದೆ: ತೆಗೆದದ್ದನ್ನು ಮರಳಿ ಹಾಕದ ಪ್ರಯೋಗಕ್ಕೆ ಕವಡೆ ಬಾರದು. ಅದಕ್ಕೆ ಕಾಯಿಗಳನ್ನೇ ಚೀಲಕ್ಕೆ ಹಾಕಬಹುದು. 3 ಕೆಂಪು, 2 ಹಳದಿ. ಮೊದಲನೆಯದು ಕೆಂಪಾಗುವ ಸಂಭವ 3/5, ಆದಮೇಲೆ ಎರಡನೆಯದಕ್ಕೆ 2/4, ಎರಡೂ ಕೆಂಪಾಗಲು 3/10. ಕಾಯಿಗಳ ಗಾತ್ರ ಒಂದೇ ಇರಬೇಕು, ಇಲ್ಲದಿದ್ದರೆ ಬೆರಳು ಬಣ್ಣ ಕಂಡುಹಿಡಿಯುತ್ತದೆ.

ಬರೀ ಪಾಠಕ್ಕೆಂದು ಕೆತ್ತನೆಯ ಮರದ ಮಣೆಗೆ ದುಡ್ಡು ಸುರಿಯಬೇಕಿಲ್ಲ. ಗ್ರಂಧಿಗೆ ಅಂಗಡಿಯ ಬಿಡಿ ಕವಡೆ, ಸೀಮೆಸುಣ್ಣದ ಮನೆ ಸಾಕು. ಕವಡೆಯೂ ಸಿಗದಿದ್ದರೆ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳಿ. ಎಷ್ಟು ಉಜ್ಜಿದಿರಿ ಎಂಬುದರ ಮೇಲೆ ವಾಲಿಕೆ ಬದಲಾಗುವುದನ್ನೂ ಅಳೆಯಬಹುದು. ಸೆಟ್ ಕೊಳ್ಳುವುದೇ ಆದರೆ ಮಣೆ ನೋಡುವ ಮೊದಲು ಕವಡೆ ನೋಡಿ. ನಾಲ್ಕೂ ಒಂದೇ ಗಾತ್ರ ಇರಲಿ. ಬೆನ್ನು ಒಡೆದದ್ದು, ಉಜ್ಜಿ ಚಪ್ಪಟೆ ಮಾಡಿದ್ದು ಮಿಕ್ಕವುಗಳ ಜೊತೆ ಬೆರೆತಿದ್ದರೆ ಆ ಒಂದನ್ನು ಬದಲಿಸಿಕೊಡಲು ಕೇಳಿ. ಕೊಡದಿದ್ದರೂ ತೊಂದರೆಯಿಲ್ಲ, ನಾಲ್ಕನೇ ಘಾತದ ಬದಲು ನಾಲ್ಕು ಬೇರೆ ಬೇರೆ ಸಂಖ್ಯೆಗಳನ್ನು ಗುಣಿಸಬೇಕಾಗುತ್ತದೆ ಅಷ್ಟೇ.